ಎರಡು ತಟ್ಟಿದರೆ ಸಾಕು

ಪ್ರೀತಿಯ ಚಿಲ್ಲರೆ,

ಈ ಹೆಸರಿಗೆ ಬೇಸರ ಮಾಡಿಕೊಳ್ಳಬೇಡ. ಬಸ್ಸು ಹತ್ತಿದವರನ್ನೆಲ್ಲ ‘ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ’ ಎಂದು ಪೀಡಿಸಿ, ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುವ ಹಾಗೆ ಮಾಡಿಕೊಂಡವನು ನೀನೇ. ಈ ಕಾಗದವನ್ನು ಅತ್ತಿಗೆ ನಿನಗೆ ಓದಿ ಹೇಳುತ್ತಾರೆ. ಲಕ್ವ ಹೊಡೆದ ಮೇಲೆ ನಿನ್ನ ಕಣ್ಣಿಗೆ ಅಕ್ಷರಗಳು ಒಂದು ಕಡೆ ನಿಲ್ಲುವುದಿಲ್ಲವಂತೆ, ಅವರೇ ಹೇಳಿದರು. ಅತ್ತಿಗೆ, ನನ್ನ ಕೈಬರಹ ನೋಡಿ ಬೈಯಬೇಡಿ. ಸ್ಟಿಯರಿಂಗ್ ಹಿಡಿದ ಕೈ ಇದು, ಪೆನ್ನು ಕೊಟ್ಟರೂ ತಿರುವು ತೆಗೆದುಕೊಂಡೇ ಹೋಗುತ್ತದೆ.

ಎದುರಿಗೆ ಕೂತು ಹೇಳಬಹುದಾಗಿದ್ದ ವಿಷಯ ಇದು. ಹೇಳಲೆಂದು ಬಂದೆ ಕೂಡ. ಬಂದಾಗಲೆಲ್ಲ ನೀನು ಮಲಗಿದ್ದೀಯ ಎಂಬ ಉತ್ತರ. ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ; ಟೀ ಲೋಟ ಕೊಡುವಾಗ ನನ್ನ ಮುಖ ನೋಡುವುದಿಲ್ಲ. ಒಳಕೋಣೆಯಲ್ಲಿ ನಿನ್ನ ಬಲಗಾಲು ನೆಲಕ್ಕೆ ಎಳೆಯುವ ಸದ್ದು ಹೊರಗಿನ ಕುರ್ಚಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಮಾತು ಹೋದ ಕಂಡಕ್ಟರನ್ನು ಅವನ ಡ್ರೈವರ್ ನೋಡುವುದು ಬೇಡ ಎಂದು ಬಾಗಿಲು ಹಾಕಿಕೊಂಡು ಕೂತಿದ್ದೀಯ. ಆಸ್ಪತ್ರೆಯಿಂದ ಬಂದ ಮೇಲೆ ಗೇಟಿನವರೆಗೂ ಬಂದಿಲ್ಲವಂತೆ. ನನಗೆ ಇದರಿಂದ ಸಿಟ್ಟು ಬಂದಿದೆ. ದುಃಖವೂ ಆಗಿದೆ, ಆದರೆ ಸಿಟ್ಟೇ ಹೆಚ್ಚು.

ನಮ್ಮ ರೂಟಿನ ಕೊನೆಯ ಸ್ಟಾಪು ನೆನಪಿದೆಯಲ್ಲ, ಬಂದರಿನ ಗೋಡೆಗೆ ತಾಗಿಕೊಂಡಿದ್ದದ್ದು. ಬಸ್ಸನ್ನು ನೆರಳಿಗೆ ಒತ್ತಿ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಒಂದೊಂದು ದಿನ ಎದುರಿಗೆ ಬಿಳಿ ಹಡಗು ಬಂದು ನಿಂತಿರುತ್ತಿತ್ತು, ಮಹಡಿಯ ಮೇಲೆ ಮಹಡಿ. ಅದರಿಂದ ಇಳಿದವರು ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು, ಬಾವುಟ ಹಿಡಿದವನ ಹಿಂದೆ ಸಾಲಾಗಿ ಹೋಗಿ ಟೂರಿಸ್ಟ್ ಬಸ್ಸು ಹತ್ತುತ್ತಿದ್ದರು. ನೀನು ತುತ್ತು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದೆ. “ಊರು ನೋಡೋಕೆ ಬಂದು ಬಸ್ಸಿನ ಗಾಜು ನೋಡ್ಕೊಂಡು ಹೋಗ್ತಾರಲ್ಲೋ. ನಾಲ್ಕು ಹೆಜ್ಜೆ ಈ ಕಡೆ ಬಂದಿದ್ರೆ ನಮ್ ಬಸ್ ಇತ್ತು.” ಆಮೇಲೆ ಕೈ ತೊಳೆಯುತ್ತಾ ಅದೇ ಹಳೆಯ ಮಾತು: “ಒಂದಿನ ನಾವೂ ಪ್ಯಾಸೆಂಜರ್ ಆಗ್ಬೇಕು ಕಣೋ. ಯಾರೋ ಓಡಿಸ್ಲಿ, ಯಾರೋ ಟಿಕೆಟ್ ಹರೀಲಿ. ಆದ್ರೆ ಬಾವುಟದ ಹಿಂದೆ ಮಾತ್ರ ಹೋಗೋದು ಬೇಡ.”

ನಿವೃತ್ತಿಯಾದ ಮೇಲೆ ಇಬ್ಬರಿಗೂ ಸೇರಿ, ಬೇರೆ ದೇಶದ ಬಂದರುಗಳನ್ನು ಸುತ್ತಿ ಬರುವ ಅಂಥದೇ ಹಡಗಿನಲ್ಲಿ ಒಂದು ಕೋಣೆ ಹಿಡಿದೆವು. ಹೊರಡುವ ಹೊತ್ತಿಗೆ ನಿನಗೆ ಹೀಗಾಯಿತು. ನಾನು ಹೋಗುವುದಿಲ್ಲವೆಂದೇ ಕೂತಿದ್ದೆ. ಅತ್ತಿಗೆ ಗದರಿಸಿ ಕಳಿಸಿದರು. ನೀವು ಹೋಗಿ ಬಂದು ಕತೆ ಹೇಳಿ, ಅದನ್ನು ಕೇಳುವ ಆಸೆಗಾದರೂ ಇವರು ಕೋಣೆಯಿಂದ ಈಚೆ ಬಂದಾರು ಎಂದರು. ನೀನು ಬರಲಿಲ್ಲ. ಇರಲಿ, ಕತೆಯೇ ಒಳಗೆ ಬಂದಿದೆ, ಕೇಳು.

ಕೋಣೆಯಲ್ಲಿ ಎರಡು ಮಂಚ. ಕಿಟಕಿಯ ಕಡೆಯದನ್ನು ನಿನಗೆ ಬಿಟ್ಟೆ. ಜೀವಮಾನವಿಡೀ ಗಾಜಿನಾಚೆ ನೋಡಿ ನನಗೆ ಸಾಕಾಗಿದೆ. ಹಾಸಿಗೆ ಹಾಸುವ ಹೆಂಗಸಿನ ಲೆಕ್ಕದಲ್ಲಿ ಆ ಕೋಣೆಗೆ ಇಬ್ಬರು. ಯಾರೂ ಮಲಗದ ಹಾಸಿಗೆಯ ಚಾದರವನ್ನು ದಿನವೂ ತೆಗೆದು ಬೇರೆ ಚಾದರ ಹಾಕಿ, ದಿಂಬು ಕೊಡವಿ, ಟವೆಲಿನಲ್ಲಿ ಒಂದು ಆನೆ ಮಾಡಿ ಕೂರಿಸಿ ಹೋಗುತ್ತಿದ್ದಳು. ನಾನು ಅವಳನ್ನು ತಿದ್ದಲಿಲ್ಲ. ನಿನ್ನ ಆನೆ ನನ್ನದಕ್ಕಿಂತ ದಪ್ಪಗಿರುತ್ತಿತ್ತು ಎಂದು ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ, ಅಷ್ಟೇ.

ಮೊದಲ ಬಂದರು ಸಿಗುವ ಹಿಂದಿನ ಸಂಜೆ ಹಡಗಿನೊಳಗೆ ಒಂದು ಕೌಂಟರಿನ ಮುಂದೆ ನೂಕುನುಗ್ಗಲು. ಮರುದಿನದ ಸುತ್ತಾಟಕ್ಕೆ ಟಿಕೆಟ್ಟು ಕೊಡುತ್ತಿದ್ದರು. ಕೋಟೆಗೆ ಒಂದು ಬಸ್ಸು, ಜಲಪಾತಕ್ಕೆ ಒಂದು. ನನಗೆ ಬೇಡವೆಂದಾಗ ಕೌಂಟರಿನ ಹುಡುಗಿ ಕನಿಕರದಿಂದ ನೋಡಿದಳು. ಅವರ ಬಸ್ಸಿನಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ, ನಾನಾಗಿ ಹೋಗಿ ತಡಮಾಡಿಕೊಂಡರೆ ಬಿಟ್ಟು ಹೊರಡುತ್ತದೆ ಎಂದು ಎಚ್ಚರಿಸಿದಳು. ಯಾರಿಗೆ ಹೇಳುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ನಗು. ಓಡಿ ಬರುವವರನ್ನು ಕನ್ನಡಿಯಲ್ಲಿ ನೋಡಿಯೂ ಗೇರು ಹಾಕಿದ ಮನುಷ್ಯ ನಾನು. ನೀನು ಹಿಂದಿನಿಂದ ತಗಡಿಗೆ ಒಂದು ತಟ್ಟದಿದ್ದರೆ ಊರಿನ ಅರ್ಧ ಜನ ನನ್ನಿಂದಾಗಿ ನಡೆದೇ ಹೋಗಬೇಕಿತ್ತು. ನಮ್ಮ ಬಸ್ಸಿನ ಬೆಲ್ಲಿನ ಹಗ್ಗ ಕಿತ್ತುಹೋದ ಮೇಲೆ ಡಿಪೋದವರು ಹೊಸದು ಹಾಕಲೇ ಇಲ್ಲ. ನೀನು ಕೈಯಲ್ಲೇ ತಗಡಿಗೆ ತಟ್ಟಲು ಶುರುಮಾಡಿದೆ. ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು. ಡ್ಯೂಟಿಯ ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಇದ್ದ ಮಾತೆಲ್ಲ ಅಷ್ಟೇ, ಮತ್ತು ಅಷ್ಟರಲ್ಲೇ ಸಂಸಾರ ನಡೆಯಿತು.

ಬೆಳಿಗ್ಗೆ ಚೀಟಿ ಅಂಟಿಸಿಕೊಂಡವರೆಲ್ಲ ಹೋಗಲಿ ಎಂದು ಕಾದು, ನಿಧಾನವಾಗಿ ಇಳಿದೆ. ಬಂದರಿನ ಗೇಟಿನಾಚೆ ಟ್ಯಾಕ್ಸಿಯವರು ಮುತ್ತಿಕೊಂಡರು. ಅವರನ್ನು ದಾಟಿದರೆ ಬಣ್ಣದ ಬೊಂಬೆ, ಟೋಪಿ ಮಾರುವ ಅಂಗಡಿಗಳು. ಅವನ್ನೂ ದಾಟಿ ಒಂದು ತಿರುವು ತಿರುಗಿದೆ ನೋಡು, ಅಲ್ಲಿ ಊರು ಶುರುವಾಯಿತು. ಇಸ್ತ್ರಿ ಅಂಗಡಿ, ಬೀಗದ ಕೈ ಮಾಡುವವನು, ಸ್ಕೂಲಿಗೆ ತಡವಾದ ಮಗುವನ್ನು ದರದರ ಎಳೆದುಕೊಂಡು ಹೋಗುವ ತಾಯಿ. ಬಸ್ ಸ್ಟಾಪಿನಲ್ಲಿ ಸೊಪ್ಪಿನ ಚೀಲ ಹಿಡಿದವರು ನಿಂತಿದ್ದರು. ಬಂದ ಬಸ್ಸು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಕೊನೆಯ ಸ್ಟಾಪಿಗೆ ಹೋಗಿ, ಬೀದಿಯಲ್ಲಿ ಅಡ್ಡಾಡಿ, ಅದೇ ಬಸ್ಸಿನಲ್ಲಿ ವಾಪಸಾದೆ. ಕೋಟೆ ನೋಡಿ ಬಂದವರು ಸಂಜೆ ಕಾಲು ನೋವೆಂದು ಗೋಳಾಡುವಾಗ ನಾನು ಕಾಲು ಚಾಚಿ ಕೂತಿದ್ದೆ.

ಎರಡನೆಯ ಊರಿನಲ್ಲಿ ಒಂದು ಕ್ಷೌರದ ಅಂಗಡಿಗೆ ಹೋಗಿ ಗಡ್ಡ ತೋರಿಸಿದೆ. ಅವನು ಕುರ್ಚಿ ತೋರಿಸಿದ. ಮುಗಿದ ಮೇಲೆ ಕನ್ನಡಿ ಹಿಡಿದು ಹುಬ್ಬು ಹಾರಿಸಿದ, ನಾನು ತಲೆದೂಗಿದೆ. ಹೊರಗೆ ಹಣ್ಣಿನವಳು ಒಂದು ಹೋಳು ಕೊಯ್ದು ಕೈಗಿಟ್ಟಳು, ನಾನು ಕಣ್ಣರಳಿಸಿದೆ, ಅವಳು ತೂಗಿದಳು. ಬೆಳಗಿನಿಂದ ಒಂದೇ ಒಂದು ಮಾತು ಆಡಿರಲಿಲ್ಲ. ಬೆಂಚಿನ ಮೇಲೆ ಕೂತು ಹಣ್ಣು ತಿನ್ನುವಾಗ ಇದು ಹೊಳೆದು ಬಾಯಿ ಅಲ್ಲಿಗೇ ನಿಂತಿತು. ನಿನ್ನ ಹಾಗೆಯೇ ನನಗೂ ಆ ಊರಿನಲ್ಲಿ ಮಾತಿರಲಿಲ್ಲ ಕಣಯ್ಯ. ಯಾರಿಗೂ ಅದು ಕೊರತೆಯಾಗಿ ಕಾಣಲಿಲ್ಲ, ನನಗೂ. ಹಡಗಿನಿಂದ ಇಳಿದ ಅಷ್ಟು ಜನರಲ್ಲಿ ಆ ಊರಿನ ಭಾಷೆ ಬಲ್ಲವರು ಯಾರಿದ್ದರು? ಎಲ್ಲರೂ ಮೂಗರೇ. ಅದನ್ನು ಮುಚ್ಚಿಡಲು ಮೈಕು ಹಿಡಿದ ಗೈಡಿನ ಹಿಂದೆ ಹೋಗಿದ್ದರು.

ಮೂರನೆಯ ಬಂದರಿನಲ್ಲಿ ಎಡವಿದೆ. ನಿನಗೆ ನಗು ಬಂದರೆ ಅಡ್ಡಿಯಿಲ್ಲ, ನಕ್ಕುಬಿಡು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವತ್ತು ನಾನು ಹಿಂದಿನ ಉದ್ದ ಸೀಟಿನಲ್ಲಿ, ನಿನ್ನ ಜಾಗದಲ್ಲಿ ಕೂತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಇಳಿದು ವಿಚಾರಿಸುತ್ತಿದ್ದರು. ಡ್ರೈವರ್ ಟೀ ಕುಡಿದು ಬಂದು ಇದೇ ಬಸ್ಸನ್ನು ತಿರುಗಿಸುತ್ತಾನೆ, ಬಸ್ಸಿನ ವಿಷಯ ನನಗೆ ಯಾರು ಕಲಿಸಬೇಕು ಎಂಬ ಜಂಬ ನನ್ನದು. ಬಿಸಿಲು ಹಿತವಾಗಿತ್ತು, ಕಣ್ಣು ಎಳೆಯಿತು. ಎಚ್ಚರವಾದಾಗ ಬಸ್ಸು ಓಡುತ್ತಿತ್ತು, ಆದರೆ ಹೊರಗೆ ಬೀದಿ ಇಲ್ಲ, ಸಾಲುಸಾಲು ಖಾಲಿ ಬಸ್ಸುಗಳು. ಪಾಳಿ ಮುಗಿಸಿದ ಡ್ರೈವರ್ ಬಸ್ಸನ್ನು ಡಿಪೋಗೆ ತಂದಿದ್ದ, ಹಿಂದೆ ತಿರುಗಿ ನೋಡಿರಲಿಲ್ಲ. ಅವನದು ತಪ್ಪೆನ್ನಲಾರೆ. ಅಷ್ಟು ವರ್ಷಗಳಲ್ಲಿ ನಾನಾದರೂ ಯಾವತ್ತು ಹಿಂದೆ ನೋಡಿದ್ದೆ? ಹಿಂದೆ ನೋಡುವುದು ಕಂಡಕ್ಟರಿನ ಕೆಲಸ, ಅಲ್ಲಿನ ಬಸ್ಸುಗಳಲ್ಲಿ ಕಂಡಕ್ಟರೇ ಇಲ್ಲ.

ಅಷ್ಟರಲ್ಲಿ ಎರಡೂ ಬದಿಯಿಂದ ನೀರು ಚಿಮ್ಮಿತು. ಆಳೆತ್ತರದ ಬ್ರಷ್ಷುಗಳು ಗರಗರ ತಿರುಗುತ್ತಾ ಬಂದವು. ಬಸ್ಸು ತೊಳೆಯುವ ಯಂತ್ರದೊಳಗೆ ನಾನೂ ಹೋಗಿದ್ದೆ. ತೆರೆದ ಕಿಟಕಿಯಿಂದ ಸೋಪಿನ ನೊರೆ ನೇರ ನನ್ನ ಬೋಳುತಲೆಗೆ. ಕೂಗೋಣವೆಂದರೆ ಯಾವ ಭಾಷೆಯಲ್ಲಿ ಕೂಗಲಿ? ಕೈ ತಾನಾಗಿಯೇ ಎದ್ದು ಪಕ್ಕದ ತಗಡಿಗೆ ಒಂದು ಬಲವಾಗಿ ತಟ್ಟಿತು, ನಿನ್ನ ಹಾಗೆಯೇ ಅಂಗೈ ಅಗಲಿಸಿ. ಬಸ್ಸು ಗಕ್ಕನೆ ನಿಂತಿತು.

ಡಿಪೋದವರು ನಗುತ್ತಲೇ ನನ್ನನ್ನು ಇಳಿಸಿಕೊಂಡು, ತಲೆ ಒರೆಸಿಕೊಳ್ಳಲು ಟವೆಲು ಕೊಟ್ಟು, ತಮ್ಮ ಕೋಣೆಯಲ್ಲಿ ಕೂರಿಸಿದರು. ನಮ್ಮ ಕೋಣೆಯ ಹಾಗೆಯೇ ಇತ್ತು: ಬಣ್ಣ ಹೋದ ಲಾಕರುಗಳು, ಒಂದು ಕಾಲು ಕುಂಟುವ ಮೇಜು, ಗೋಡೆಗೆ ಡ್ಯೂಟಿ ಚಾರ್ಟು. ನಾನು ಪರ್ಸಿನಿಂದ ನಮ್ಮ ಫೋಟೋ ತೆಗೆದು ತೋರಿಸಿದೆ, ಕೊನೆಯ ಡ್ಯೂಟಿಯ ದಿನ ಬಸ್ಸಿನ ಮುಂದೆ ಇಬ್ಬರೂ ನಿಂತದ್ದು. ಸ್ಟಿಯರಿಂಗ್ ತಿರುಗಿಸುವ ಹಾಗೆ ಕೈ ಮಾಡಿದೆ. ಅವರಿಗೆ ಅರ್ಥವಾಗಿ, ಒಬ್ಬ ಹಿರಿಯ ಮೆಕ್ಯಾನಿಕ್ ನನ್ನ ಬೆನ್ನು ಚಪ್ಪರಿಸಿದ. ಆಮೇಲೆ ಫೋಟೋದಲ್ಲಿ ನಿನ್ನ ಮೇಲೆ ಬೆರಳಿಟ್ಟು, ಇವನೆಲ್ಲಿ ಎನ್ನುವ ಹಾಗೆ ನನ್ನ ಮುಖ ನೋಡಿದ.

ನನಗೆ ಏನು ತೋರಿಸಬೇಕೋ ತಿಳಿಯಲಿಲ್ಲ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾನೆ ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳುವುದು? ಫೋಟೋ ನೋಡುತ್ತಾ ಸುಮ್ಮನಾದೆ. ತಲೆ ಎತ್ತಿದಾಗ ಆ ಮೆಕ್ಯಾನಿಕ್ ತನ್ನ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಅವನನ್ನು ನೋಡಿ ಉಳಿದವರೂ ಟೋಪಿ ತೆಗೆದರು.

ಅತ್ತಿಗೆ, ಇಲ್ಲಿ ನಿಲ್ಲಿಸಬೇಡಿ, ಓದಿ.

ನೀನು ಬದುಕಿದ್ದೀಯ. ಹೊಟ್ಟೆ ತುಂಬ ಉಣ್ಣುತ್ತೀಯ, ರೇಡಿಯೋ ಕೇಳುತ್ತೀಯ, ನಾನು ಬಂದರೆ ಉಸಿರು ಬಿಗಿಹಿಡಿದು ಕೂರುತ್ತೀಯ. ಹಾಗಿದ್ದವನಿಗೆ ಗುರುತು ಪರಿಚಯವಿಲ್ಲದ ಊರಿನ ಜನ ಟೋಪಿ ತೆಗೆದು ನಿಂತಿದ್ದರು. ಸುಮ್ಮನೆ ಕೂತರೆ ಜನ ಹಾಗೆಯೇ ತಿಳಿದುಕೊಳ್ಳುತ್ತಾರೆ, ಅವರದೇನೂ ತಪ್ಪಿಲ್ಲ. ಅಲ್ಲ, ಅಲ್ಲ ಎಂದು ಎರಡೂ ಕೈ ಆಡಿಸಿದೆ. ಅವರಿಗೆ ತಿಳಿಯಲಿಲ್ಲ, ಪಾಪ ಎಂದು ಮತ್ತಷ್ಟು ಮುಖ ಸಣ್ಣ ಮಾಡಿದರು. ಕೊನೆಗೆ ನಿನ್ನ ಫೋಟೋವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಎರಡು ತಟ್ಟಿದೆ. ಕಂಡಕ್ಟರುಗಳ ಕಾಲವನ್ನು ಕಂಡವನಿರಬೇಕು ಆ ಮೆಕ್ಯಾನಿಕ್. ಅರೆಗಳಿಗೆ ನನ್ನನ್ನೇ ನೋಡಿದ. ಆಮೇಲೆ ಟೋಪಿಯನ್ನು ತಲೆಗೆ ಹಾಕಿಕೊಂಡು, ತಾನೂ ಮೇಜಿಗೆ ಎರಡು ತಟ್ಟಿದ. ಉಳಿದವರೂ ತಟ್ಟಿದರು. ಬಂದರಿನ ಕಡೆ ಹೊರಟಿದ್ದ ಬಸ್ಸಿಗೆ ನನ್ನನ್ನು ಹತ್ತಿಸಿ, ಹಿಂದಿನ ತಗಡಿಗೆ ಅವನೇ ಎರಡು ಕೊಟ್ಟು ಕಳಿಸಿದ. ಹಡಗಿನ ಏಣಿ ಎತ್ತುವ ಮೊದಲು ಓಡಿ ಬಂದು ಹತ್ತಿಕೊಂಡೆ. ಮೇಲೆ ನಿಂತವರು ನನ್ನ ಓಟಕ್ಕೆ ಚಪ್ಪಾಳೆ ತಟ್ಟಿದರು, ನಾಚಿಕೆಯಾಯಿತು.

ಕೊನೆಯ ಬಂದರಿನಲ್ಲಿ ಎಲ್ಲಿಗೂ ಹೋಗಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಹಡಗು ಎಷ್ಟು ಚೆನ್ನಾಗಿರುತ್ತದೆ ಗೊತ್ತೇ? ಊಟದ ಹಾಲಿನಲ್ಲಿ ಬೇಕಾದ ಕಿಟಕಿ, ಲಿಫ್ಟಿಗೆ ಕಾಯಬೇಕಿಲ್ಲ. ಮಧ್ಯಾಹ್ನ ಇಳಿದು ಹಡಗಿನ ಪಕ್ಕದಲ್ಲೇ ಇದ್ದ ಕಲ್ಲುಬೆಂಚಿನವರೆಗೆ ನಡೆದೆ. ಬೇಕೆಂದೇ ಬಲಗಾಲು ಎಳೆಯುತ್ತಾ, ನಿನ್ನ ಲೆಕ್ಕದಲ್ಲಿ ನಡೆದೆ. ಯಾರೋ ನೋಡಿ ಹುಚ್ಚನೆಂದುಕೊಂಡಿರಬೇಕು. ಕೈಹಿಡಿಯಲು ಕಂಬಿ ಇದೆ, ನಡುವೆ ಒಂದು ಕಡೆ ನಿಂತು ಸುಧಾರಿಸಿಕೊಳ್ಳಬಹುದು. ಬೆಂಚಿನಲ್ಲಿ ಕೂತರೆ ಮೀನಿನ ದೋಣಿಗಳು ಕಾಣುತ್ತವೆ, ಒಂದು ಬದಿಗೆ ಬಸ್ ಸ್ಟಾಪು ಕೂಡ. ಬರುವ ಹೋಗುವ ಬಸ್ಸುಗಳಿಗೆ ತಪ್ಪು ಹುಡುಕುತ್ತಾ ಸಂಜೆ ಮಾಡಬಹುದು. ನಿನ್ನಿಂದ ಆಗುವಷ್ಟೇ ದೂರ. ನಾನು ನಡೆದು ನೋಡಿಯೇ ಹೇಳುತ್ತಿದ್ದೇನೆ.

ಬೇಸಿಗೆ ಕಳೆದ ಮೇಲೆ ಅದೇ ಹಡಗು ಅದೇ ದಾರಿಯಲ್ಲಿ ಮತ್ತೆ ಹೊರಡುತ್ತದೆ. ಲಿಫ್ಟಿನ ಪಕ್ಕದ ಕೋಣೆ ಕೇಳಿದ್ದೇನೆ, ಇಬ್ಬರಿಗೆ. ಹಾಸಿಗೆ ಹಾಸುವ ಹೆಂಗಸಿಗೂ ಹೇಳಿ ಬಂದಿದ್ದೇನೆ, ಮುಂದಿನ ಸಲ ಎರಡನೇ ಹಾಸಿಗೆ ಸುಕ್ಕಾಗಿರುತ್ತದೆ ಎಂದು. ಡಾಕ್ಟರು ಓಡಾಡಬಹುದು ಎಂದಿದ್ದಾರಂತೆ, ಅತ್ತಿಗೆಯ ಒಪ್ಪಿಗೆಯೂ ಸಿಕ್ಕಿದೆ. ಉಳಿದಿರುವುದು ನಿನ್ನದೊಂದೇ.

ಭಾನುವಾರ ಸಂಜೆ ಬರುತ್ತೇನೆ. ಬಾಗಿಲು ತೆಗೆ ಎಂದು ಪೀಡಿಸುವುದಿಲ್ಲ. ನಿನ್ನ ಕೋಣೆಯ ಬಾಗಿಲಿನ ಈಚೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಾತು ಬೇಕಾಗಿಲ್ಲ. ನಿನ್ನ ಬಲಗೈಗೆ ಶಕ್ತಿಯಿಲ್ಲ ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. ಅವರಿಗೇನು ಗೊತ್ತು, ನಿನ್ನ ಬಲಗೈಯಲ್ಲಿ ಯಾವಾಗಲೂ ಟಿಕೆಟ್ಟಿನ ಕಟ್ಟಿರುತ್ತಿತ್ತು. ತಗಡಿಗೆ ತಟ್ಟುತ್ತಿದ್ದದ್ದು ಎಡಗೈ. ಅದು ಚೆನ್ನಾಗಿಯೇ ಇದೆಯಂತೆ. ಬಾಗಿಲಿಗೆ ಒಂದು ತಟ್ಟಿದರೆ ಎದ್ದು ಹೋಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಎರಡು ತಟ್ಟಿದರೆ ಹೊರಡೋಣ.

ಹಿಂದೆ ನೋಡುವವನಿಲ್ಲದೆ ನಾನು ಬಸ್ಸು ತೆಗೆದವನಲ್ಲ ಕಣೋ. ನಿನ್ನ ಎಡಗೈ ಗಟ್ಟಿಯಾಗಿರಲಿ, ಅತ್ತಿಗೆಯ ಮುಖದಲ್ಲಿ ನಗು ಬರಲಿ.

ಎಂಜಿನ್ ಆರಿಸದೆ ಕಾಯುತ್ತಿರುವ
ನಿನ್ನ ಡ್ರೈವರ್