ಡೇಗೆಗೆ ಗಿಳಿ ದಾಯಾದಿ

ಸಾಸಲು,
೧೬-೨-೨೦೨೫, ಭಾನುವಾರ

ಪ್ರೀತಿಯ ಮೊಮ್ಮಗಳು ಸಿಂಚನಾಗೆ,

ಸಕಲರ ಗಮನಕ್ಕೆ ತರುವುದೇನೆಂದರೆ, ಹೋದ ವಾರ ನಿಮ್ಮಜ್ಜಿ ಮಾಳಿಗೆಯ ಮೇಲೆ ಮಾಂಸ ಒಣಗಿಸಿ ಕೊರಬಾಡು ಮಾಡಲು ಬಿಸಿಲಿಗೆ ಹಾಕಿದ್ದರಲ್ಲಿ ಅತಿ ದಪ್ಪ ತುಂಡೊಂದು, ನಾನು ಖುದ್ದಾಗಿ ಕಾವಲಿಗೆ ಕೂತಿದ್ದಾಗಲೇ ಹದ್ದಿನ ಪಾಲಾಯಿತು. ಕಾವಲುಗಾರ ತೂಕಡಿಸುತ್ತಿದ್ದನೆಂಬುದು ನಿಮ್ಮಜ್ಜಿಯೊಬ್ಬಳ ಆರೋಪ, ಬೇರೆ ಸಾಕ್ಷಿಯಿಲ್ಲ.

ನೀನು ಹೇಗಿದ್ದೀಯ? ಹೈದರಾಬಾದಿನ ಊಟ ಒಗ್ಗಿತೇ, ಕೆಮ್ಮು ಹೋಯಿತೇ? ನನ್ನ ಮಂಡಿನೋವು ಎಂದಿನಂತೆ ಕೆಲಸ ಹೇಳಿದಾಗ ಮಾತ್ರ ಬರುತ್ತದೆ. ಸಂಕ್ರಾಂತಿಯಲ್ಲಿ ಮುನಿಸಿಕೊಂಡು ಹೋದವಳು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕಾಗದಕ್ಕೆ ಕಟ್ ಮಾಡುವ ಗುಂಡಿಯಿಲ್ಲ.

ಪಿಲ್ಲಗುಂಪೆಯ ದೇವರಾಜನನ್ನು ಮದುವೆಯಾಗುತ್ತೇನೆಂದು ನೀನು ಅಂದಾಗ ನಾನು ಕೊಟ್ಟ ತೀರ್ಪು ನೆನಪಿದೆಯಲ್ಲ. “ಅವ್ರ ಮನೆದೇವ್ರೂ ಮುತ್ಯಾಲಮ್ಮ, ನಮ್ದೂ ಮುತ್ಯಾಲಮ್ಮ. ಅಣ್ತಮ್ಮಂದಿರ ಮನೆ ಕಣಮ್ಮ, ಅವ್ನು ನಿಂಗೆ ಅಣ್ಣ ಆಗ್ಬೇಕು.” ನೀನು ಆಗಲೇ ಬ್ಯಾಗು ತುಂಬಿಕೊಂಡೆ.

ಕೊರಬಾಡು ಹೋದ ಸಂಕಟದಲ್ಲಿ ನಾನು, “ಹದ್ದು, ಡೇಗೆ, ಎಲ್ಲಾ ಒಂದೇ ವಂಶದ ಕಳ್ಳರು” ಎಂದು ಕೂಗಿದೆ. ನಿಮ್ಮಜ್ಜಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ, “ಮಗು ಅವತ್ತು ಏನ್ ಹೇಳ್ತು, ಮರ್ತ್‌ಬಿಟ್ರಾ?” ಎಂದಳು. ಮರೆತಿರಲಿಲ್ಲ. ಹದ್ದು, ಡೇಗೆ ಎರಡಕ್ಕೂ ಕೊಕ್ಕು ಬಾಗಿದೆ, ಉಗುರು ಚೂಪು, ಅದಕ್ಕೇ ಜನ ಅಣ್ಣತಮ್ಮ ಅಂದುಕೊಂಡರು. ಜೀನುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಡೇಗೆ ಹದ್ದಿನ ಮನೆಯದಲ್ಲ, ಗಿಳಿಗೇ ಹತ್ತಿರದ ದಾಯಾದಿ. ಬೇಟೆಯ ಕಸುಬು ಒಂದೇ ಆದದ್ದಕ್ಕೆ ರೂಪವೂ ಒಂದೇ ಆಯಿತು ಎಂದು ನೀನು ಹೇಳಿದ್ದೆ. ಆಮೇಲೆ ಕೆಲವು ದಿನ ನನಗೆ ಗಿಳಿ ಕಂಡರೂ ಭಯವಾಗುತ್ತಿತ್ತು.

ಆದರೆ ಈ ಸಲ ಆ ಮಾತು ಬೇರೆ ಕಡೆ ಚುಚ್ಚಿತು. ದೇವರಾಜನ ಮನೆಯವರಲ್ಲಿ ನಾನು ನೋಡಿದ್ದೂ ಬರೀ ಕೊಕ್ಕೇ ಅಲ್ಲವೇ? ಅವರ ವಂಶದ ಹೆಸರೇನು, ಗೋತ್ರದ ಹಾಗೆ ನೋಡುವ ಬೆಡಗು ಯಾವುದು ಎಂದು ಕೇಳಿಯೇ ಇರಲಿಲ್ಲ. ಬಸ್ಸು ಹತ್ತಿ ಪಿಲ್ಲಗುಂಪೆಗೆ ಹೋದೆ. ಅವನ ತಾತ ದೊಡ್ಡಮುನಿಯಪ್ಪ, ಇವನು ಜಗಳಕ್ಕೇ ಬಂದ ಎಂದುಕೊಂಡು ಮೊದಲು ಮಜ್ಜಿಗೆ ಕೊಟ್ಟ. ಆಮೇಲೆ ಹೇಳಿದ: “ನಮ್ದು ಮೂಲ ಮಾಲೂರ್ ಕಡೆ ಕಣಣ್ಣ, ಮನೆದೇವ್ರು ತಿಮ್ಮರಾಯಸ್ವಾಮಿ. ನಮ್ಮಪ್ಪ ಇಲ್ಲಿ ನೆಲೆ ನಿಂತ್ಮೇಲೆ ಊರಮ್ಮನ್ನೇ ಮನೆದೇವ್ರು ಮಾಡ್ಕೊಂಡ.” ಬೆಡಗು ಕೇಳಿದೆ, ಅದೂ ಬೇರೆ.

ಈ ಸೀಮೆಯಲ್ಲಿ ಬದುಕಿದವರು ಮುತ್ಯಾಲಮ್ಮನಿಗೆ ಕೈಮುಗಿಯುವುದು, ಬೇಟೆಯಾಡಿ ಬದುಕುವ ಹಕ್ಕಿಗೆ ಕೊಕ್ಕು ಬಾಗಿದ ಹಾಗೆಯೇ ಇರಬೇಕು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಆಕಾಶ ನೋಡುತ್ತಾ ಕೂತೆ. ಯಾವುದೋ ಹಕ್ಕಿಯೊಂದು ಸುತ್ತು ಹಾಕುತ್ತಿತ್ತು. ಹದ್ದೋ ಡೇಗೆಯೋ ಎಂದು ತೀರ್ಪು ಕೊಡಲು ಹೋಗಲಿಲ್ಲ.

ಮುತ್ಯಾಲಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ. ತಿಮ್ಮರಾಯಸ್ವಾಮಿಯೂ ಇನ್ನು ಮೇಲೆ ಸ್ವಲ್ಪ ನೋಡಿಕೊಳ್ಳಲಿ.

ನಿನ್ನ ತಾತ,
ಅಪ್ಪಯ್ಯಣ್ಣ

ತಾ.ಕ.: ಶಿವರಾತ್ರಿ ಕಳೆದ ಮೇಲೆ ನಾನೂ ನಿಮ್ಮಜ್ಜಿಯೂ ಬಟ್ಟೆ ತರಲು ದೊಡ್ಡಬಳ್ಳಾಪುರಕ್ಕೆ ಹೋಗುತ್ತೇವೆ. ನಿನ್ನ ಸೀರೆ ಅವಳು ಆರಿಸುತ್ತಾಳೆ. ದೇವರಾಜನ ಅಂಗಿಯ ಅಳತೆ ನನಗೆ ಗೊತ್ತಿಲ್ಲ. ಅವನನ್ನು ಕೇಳಿ ಒಂದು ಫೋನು ಮಾಡು.