ಮೂರು ಚಂದ್ರರ ಗ್ರಹ, ಸೂಜಿ ಕೆಳಗಿಟ್ಟವರು

ಅಕ್ಕಾ,

ಪುಸ್ತಕ ಹೊಲಿಯುವವರ ಮುಷ್ಕರ ಮುರಿದಿಲ್ಲ. ಇಲ್ಲಿನ ಹೆಂಗಸರು ಸೂಜಿ ಕೆಳಗಿಟ್ಟು, ನಿನ್ನ ಮಗಳು ಓದುವ ಅದೇ ಮೂರು ಚಂದ್ರರ ಗ್ರಹದ ಕಾದಂಬರಿ ಮಾಲೆಯ ಐದನೇ ಭಾಗವನ್ನು ತಾವು ಹೊಲಿಯಬೇಕಿದ್ದ ಬಿಡಿ ಹಾಳೆಗಳಿಂದಲೇ ಗಟ್ಟಿಯಾಗಿ ಓದುತ್ತಾ ಕೂತಿದ್ದಾರೆ. ಆ ಗ್ರಹದಲ್ಲಿ ನೆಲದಡಿಯಿಂದ ಬೆಳಕು ಅಗೆದು ತೆಗೆಯುವ ಗಣಿಯವರಿಗೇ ದೀಪ ಹಚ್ಚುವ ಹಕ್ಕಿಲ್ಲ. ನಿನ್ನೆ ಮಾಲೀಕ, "ಕೆಲ್ಸಕ್ಕೆ ಬರ್ತೀರೋ ಇಲ್ವೋ?" ಎಂದು ಗುಡುಗಿದ.

"ಸ್ವಲ್ಪ ತಡೀರಿ ಸ್ವಾಮಿ, ಗಣಿಯವ್ರು ಈಗಷ್ಟೇ ದೀಪ ಹಚ್ತಾ ಇದಾರೆ" ಎಂದಳು ಅವರಲ್ಲಿ ಹಿರಿಯಳು.

ಎಂಥ ಬರವಣಿಗೆ! ನನ್ನ ಯಾವ ಭಾಷಣವೂ ಇಷ್ಟು ಕೆಚ್ಚು ಹುಟ್ಟಿಸಿರಲಿಲ್ಲ. "ಹಸಿದವರ ಊರಲ್ಲಿ ಚಂದ್ರಲೋಕದ ಕಥೆಯೇ?" ಎಂದು ನಿನ್ನ ಮಗಳಿಂದ ನಾನು ಕಿತ್ತುಕೊಂಡ ನಾಲ್ಕನೇ ಭಾಗ ನಿನ್ನ ಮನೆಯಲ್ಲಿರುವ ನನ್ನ ಟ್ರಂಕಿನಲ್ಲಿ, ಕರಪತ್ರಗಳ ಕೆಳಗಿದೆ. ಬೀಗ ಒಡೆದಾದರೂ ಅವಳಿಗೆ ಕೊಡು. ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ಈ ಮಾವನದೇ ತಪ್ಪು ಎಂದು ಅವಳಿಗೆ ಹೇಳು. ಅವಳು ನನ್ನೊಡನೆ ಮತ್ತೆ ಮಾತಾಡಿದರೆ ಸಾಕು.

ನಿನ್ನ ತಮ್ಮ