ಅತ್ತಿಗೆಯ ಸಹಿ

ಮೊಳಕಾಲ್ಮೂರು
ಸೋಮವಾರ, ೧೧ ಆಗಸ್ಟ್ ೨೦೨೫

ಪ್ರೀತಿಯ ಚಂದ್ರಣ್ಣ,

ಹೇಗಿದ್ದೀಯ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮೊದಲು ನುಂಗು ಅಂತ ಎಷ್ಟು ಸಲ ಹೇಳಿದರೂ ನೀನು ಉಂಡು ಕೈತೊಳೆದ ಮೇಲೆ ನೆನಪು ಮಾಡಿಕೊಳ್ಳುವವನು. ಚಳ್ಳಕೆರೆಯ ಧೂಳಿಗೆ ಮಕ್ಕಳ ಕೆಮ್ಮು ಹೆಚ್ಚಾಗಿತ್ತಲ್ಲ, ಈಗ ಹೇಗಿದೆ? ಊರಲ್ಲಿ, ನನ್ನಿವಾಳದಲ್ಲಿ, ಅವ್ವ ಆರಾಮಾಗಿದ್ದಾಳೆ. ಮೊಣಕಾಲು ಊದಿದ್ದರೂ ದಿನಾ ಕುರಿ ರೊಪ್ಪಕ್ಕೆ ಹೋಗಿ ಬರುತ್ತಾಳಂತೆ. ಬೇಡ ಅಂದರೆ "ನೀನೇನು ನನಗೆ ಡಾಕ್ಟ್ರಾ?" ಅಂತಾಳೆ. ನಾನೂ ಇದ್ದೇನೆ, ಅನ್ನ ಸೇರುತ್ತಿಲ್ಲ ಅಷ್ಟೆ.

ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆದಳು ಅನ್ನಬೇಡ. ಫೋನಿನಲ್ಲಿ ನೀನು ನನ್ನ ಬಾಯಿ ತೆರೆಯಲು ಬಿಡುವುದಿಲ್ಲ. "ಗಂಗಾ, ನಾನಿದ್ದೀನಿ, ಎಲ್ಲಾ ನೋಡ್ಕಂತೀನಿ, ನೀನು ಸುಮ್ಕಿರು" ಅಂದುಬಿಡುತ್ತೀಯ. ನಾನೂ ಸುಮ್ಮನಾಗುತ್ತೇನೆ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ನೀನು, ನರ್ಸಿಂಗ್ ಶಾಲೆಗೆ ಟ್ರಂಕು ಹೊತ್ತು ತಂದವನು ನೀನು. ಆ ಋಣವನ್ನು ನಾನು ಮರೆತಿಲ್ಲ. ಆದರೆ ಸುಮ್ಮನಿದ್ದೂ ಸುಮ್ಮನಿದ್ದೂ ನಾನು ಎಲ್ಲಿಗೆ ಬಂದು ನಿಂತಿದ್ದೇನೆ ನೋಡು.

ನಮ್ಮ ಆಸ್ಪತ್ರೆಗೆ ಮಂಜೂರಾದ ನರ್ಸ್ ಹುದ್ದೆ ನಾಲ್ಕು. ಎರಡು ಖಾಲಿ ಬಿದ್ದು ಮೂರು ವರ್ಷವಾಯಿತು. ರಾತ್ರಿಗೆ ಗುತ್ತಿಗೆಯ ಸರ್ವಮಂಗಳ ಬರುತ್ತಾಳೆ. ಹಗಲಿಗೆ ನಾನು ಮತ್ತು ನಿನ್ನ ಹೆಂಡತಿ ಮಾಲತಿ. ಕಾಗದದ ಮೇಲೆ! ಮಾಲತಿ ನನ್ನ ಜೊತೆ ಓದಿದವಳು, ನಿನಗೆ ಹೆಣ್ಣು ತೋರಿಸಿದವಳೂ ನಾನೇ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಎರಡನೇ ಬಾಣಂತನದ ನಂತರ ಅವಳಿಗೆ ಸೊಂಟ ನೋವು ಅಂತ ನೀನು ಹೇಳಿದೆ. ನಿಮ್ಮೂರಲ್ಲೇ ಒಂದು ಕಚೇರಿಯಲ್ಲಿ ಅವಳಿಗೆ ಕುರ್ಚಿ ಹಾಕಿಸಿದೆ. ಅದಕ್ಕೆ ಆದೇಶವಿಲ್ಲ, ಬರೀ ಬಾಯಿಮಾತು. ಆದೇಶವಿಲ್ಲದ್ದರಿಂದ ಅವಳು ಇಲ್ಲೇ ಇದ್ದಾಳೆಂದು ನಮ್ಮ ಚಾರ್ಜ್ ಪುಸ್ತಕ ಹೇಳಬೇಕಿತ್ತು. "ಒಂದೆರಡು ತಿಂಗಳು ಅಡ್ಜಸ್ಟ್ ಮಾಡ್ಕಳವ್ವ, ಹೊರಗಿನೋಳಾ ಅವಳು?" ಅಂದೆ. ನಾನು ಪ್ರತಿ ಪಾಳಿಗೂ ಎರಡು ಸಹಿ ಹಾಕತೊಡಗಿದೆ. ಬೆಳಿಗ್ಗೆ ವಾರ್ಡಿನ ಚಾರ್ಜ್ ತೆಗೆದುಕೊಂಡವರು ಗಂಗಲಕ್ಷ್ಮಿ, ಮಾಲತಿ. ಸಂಜೆ ಸರ್ವಮಂಗಳಳಿಗೆ ಕೊಟ್ಟವರೂ ಅವರಿಬ್ಬರೇ. ಕೊನೆಯ ಅಕ್ಷರಕ್ಕೆ ಅವಳು ಬಾಲ ಎಳೆಯುತ್ತಾಳಲ್ಲ, ಅದೂ ಕೈಗೆ ಕೂತಿತು. ಎರಡು ತಿಂಗಳು ಹದಿನಾಲ್ಕು ತಿಂಗಳಾಯಿತು. ಹೊಸ ನರ್ಸ್ ಕೊಡಿ ಅಂತ ನಮ್ಮ ಡಾಕ್ಟರು ಬರೆದರೆ, ಹಗಲಿಗೆ ಇಬ್ಬರಿದ್ದಾರಲ್ಲ ಅಂತ ಉತ್ತರ ಬಂತು. ಆ ಉತ್ತರ ಟೈಪಾದದ್ದು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ನೀನು ಕೂರುವ ವಿಭಾಗದಲ್ಲೇ. ನಿನಗೆ ನಾಚಿಕೆಯಾಗಲಿಲ್ಲವೇ ಅಣ್ಣ? ನನಗಂತೂ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮನೆಯವಳಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಪಂಚಮಿಯ ದಿನದ ವಿಷಯ ನಿನಗೆ ಗೊತ್ತು, ಆದರೆ ನನ್ನ ಬಾಯಿಂದ ಕೇಳಿಲ್ಲ. ಪ್ರತಿ ವರ್ಷ ನನ್ನನ್ನು ಹಬ್ಬಕ್ಕೆ ಕರೆಯಲು ಬರುವ ನಿನಗೆ ಈ ವರ್ಷ ಬರಬೇಡ ಅಂದಿದ್ದೆ, ಯಾಕೆಂದರೆ ನಾನು ಎದ್ದು ಬಂದರೆ ಆ ಹಗಲು ಆಸ್ಪತ್ರೆಯಲ್ಲಿ ಯಾರೂ ಇರುತ್ತಿರಲಿಲ್ಲ. ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಮಧ್ಯಾಹ್ನ ಒಂದೂವರೆಗೆ ತೇಜಶ್ರೀ ಅನ್ನುವ ಹುಡುಗಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಇಪ್ಪತ್ತಮೂರು ವರ್ಷ ಅವಳಿಗೆ, ಮಗಳನ್ನು ನೋಡಿ ನಕ್ಕಳು. ಹೆತ್ತ ಮೇಲೆ ಎರಡು ಗಂಟೆ, ಕಾಲು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ರಕ್ತ ನೋಡಬೇಕು; ಇದು ಒಂದನೇ ವರ್ಷದ ವಿದ್ಯಾರ್ಥಿನಿಗೂ ಗೊತ್ತು. ಎರಡು ಸಲ ನೋಡಿದೆ. ಅಷ್ಟರಲ್ಲಿ ಒಳಗೆ ಹೆರಿಗೆ ಕೋಣೆಯಲ್ಲಿ ಕಾಂಚನಾ ಅನ್ನುವ ಇನ್ನೊಬ್ಬಳಿಗೆ ಹೆರಿಗೆಯಾಯಿತು, ಮಗು ಅಳಲಿಲ್ಲ. ನೀಲಿಗಟ್ಟಿದ ಕೂಸಿನ ಮೂಗು ಬಾಯಿಗೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಉಸಿರು ಕೊಡುತ್ತ ನಿಂತೆ. ಕೈಬಿಟ್ಟರೆ ಸಾಯುತ್ತದೆ. ಆಗ ತೇಜಶ್ರೀಯ ಅತ್ತೆ ಯರ್ರಮ್ಮ ಬಾಗಿಲಿಗೆ ಬಂದಳು. "ಒಕ್ಕಸಾರಿ ಸೂಡು ತಲ್ಲಿ" ಅಂದಳು ತೆಲುಗಿನಲ್ಲಿ, ಒಂದು ಸಲ ನೋಡು ತಾಯಿ ಅಂತ. ಬಂದೆ, ಐದು ನಿಮಿಷ ಅಂದೆ. ಮತ್ತೆ ಬಂದಳು. ಮತ್ತೆ ಅದನ್ನೇ ಅಂದೆ. ಮೂರನೇ ಸಲ ಬಂದವಳಿಗೆ "ಕಾಣಲ್ವೇನಮ್ಮ, ಕೈಯಲ್ಲಿ ಕೂಸೈತೆ!" ಅಂತ ಗದರಿಬಿಟ್ಟೆ. ಕೂಸು ಕೊನೆಗೆ ಅತ್ತಿತು. ಓಡಿ ಹೋಗಿ ನೋಡಿದರೆ ತೇಜಶ್ರೀಯ ಹಾಸಿಗೆ ನೆನೆದು ನೆಲಕ್ಕೆ ರಕ್ತ ಇಳಿದಿತ್ತು. ಸೂಜಿ ಚುಚ್ಚಿದೆ, ಡ್ರಿಪ್ ಹಾಕಿದೆ, ಹೊಟ್ಟೆ ಒತ್ತಿದೆ, ಆಂಬುಲೆನ್ಸ್ ಕರೆಸಿದೆ, ಸರ್ವಮಂಗಳಳನ್ನು ಮನೆಯಿಂದ ಕರೆಸಿ ಕಾಂಚನಾ ಹತ್ತಿರ ಬಿಟ್ಟು ನಾನೂ ಹತ್ತಿದೆ. ಬಳ್ಳಾರಿ ದಾರಿಯಲ್ಲಿ ತೇಜಶ್ರೀ ನನ್ನ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟಳು.

ಇನ್ನೊಬ್ಬಳು ಇದ್ದಿದ್ದರೆ! ಸೊಂಟ ನೋವಿನವಳಾದರೂ ಸರಿ, ಆ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರೂ ಸಾಕಿತ್ತು. ಸಂಜೆ ಮನೆಗೆ ಬಂದು ಫೋನ್ ತೆಗೆದರೆ ಮಧ್ಯಾಹ್ನ ಎರಡೂಕಾಲು ಗಂಟೆಗೆ ಅತ್ತಿಗೆ ಹಾಕಿದ ಸ್ಟೇಟಸ್ಸು, ತಟ್ಟೆ ತುಂಬ ತಂಬಿಟ್ಟು. ಅವಳಿಗೇನು ಗೊತ್ತು ಪಾಪ. ನನಗೆ ಮಾತ್ರ ಆ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸಿತು.

ಮೂರು ದಿನ ಬಿಟ್ಟು ಯರ್ರಮ್ಮ ಕೂಸನ್ನು ಇಂಜೆಕ್ಷನ್ನಿಗೆ ಎತ್ತಿಕೊಂಡು ಬಂದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂತ ಕಾದೆ. ಆಯಮ್ಮ ನನ್ನ ಮುಂದೆ ಕೂತು ಏನು ಕೇಳಿದಳು ಗೊತ್ತೇ? "ನೇನು ಗಟ್ಟಿಗ ಅರಿಸಿಂಟೆ ಬತಿಕೇದಾ ತಲ್ಲಿ?" ತಾನು ಇನ್ನೂ ಗಟ್ಟಿಯಾಗಿ ಕಿರುಚಿದ್ದರೆ ಸೊಸೆ ಬದುಕುತ್ತಿದ್ದಳೇ ಅಂತ. ಕೂಸಿನ ತೋಳು ಒರೆಸುತ್ತ ನಿಂತುಬಿಟ್ಟೆ.

ಆಮೇಲೆ ನೋಟಿಸು ಬಂತು. ಪುಸ್ತಕದ ಪ್ರಕಾರ ಇಬ್ಬರು ಕರ್ತವ್ಯದಲ್ಲಿದ್ದರೂ ಬಾಣಂತಿ ಸತ್ತದ್ದು ಹೇಗೆ, ಹತ್ತು ದಿನದಲ್ಲಿ ಉತ್ತರ ಕೊಡಿ. ಬುಧವಾರ ನೀನು ಫೋನ್ ಮಾಡಿದೆ. ನನ್ನ ಅಣ್ಣ ಕೇಳುತ್ತಾನೆ, ನೀನು ಉಂಡೆಯಾ ಗಂಗಾ, ಮಲಗಿದೆಯಾ ಅಂತ, ಅಂದುಕೊಂಡೆ. ನೀನು ಹೇಳಿದ್ದು: "ಇಬ್ರೂ ಇದ್ವಿ ಅಂತ ಬರಿ. ಪೇಷಂಟ್ ಕಡೆಯೋರು ಟೈಮಿಗೆ ತಿಳಿಸ್ಲಿಲ್ಲ ಅಂತ ಬರಿ. ಮುಗೀತು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೂರು ಸಲ ಬಂದು ಕರೆದ ಮುದುಕಿ ತಿಳಿಸಲಿಲ್ಲವೇ? ಆಯಮ್ಮನಿಗೆ ಓದು ಬರುವುದಿಲ್ಲ, ಯಾವ ಕಚೇರಿಯ ಮೆಟ್ಟಿಲೂ ಹತ್ತುವವಳಲ್ಲ ಅಂತ ತಾನೇ ನಿನ್ನ ಧೈರ್ಯ? ಮೊದಲೇ ತನ್ನಿಂದಲೇ ಸೊಸೆ ಸತ್ತಳು ಅಂತ ಸಾಯುತ್ತಿದ್ದಾಳೆ. ಅದಕ್ಕೆ ಸರ್ಕಾರದ ಮೊಹರನ್ನೂ ಒತ್ತಬೇಕೇ? ಥೂ! ನೀನೂ ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ನಮ್ಮವ್ವ ಆ ಬಾಗಿಲಲ್ಲಿ ನಿಂತಿದ್ದರೆ ಇದೇ ಮಾತು ಬರೆಸುತ್ತಿದ್ದೆಯಾ?

ಇಷ್ಟು ಬೈದರೂ ಸಿಟ್ಟು ಇಳಿಯುತ್ತಿಲ್ಲ, ಅರ್ಧ ಸಿಟ್ಟು ನನ್ನ ಮೇಲೇ ಇರುವುದರಿಂದಲೋ ಏನೋ. ಗಾಡಿ ನಿಧಾನ ಓಡಿಸು, ಮಾತ್ರೆ ತಪ್ಪಿಸಬೇಡ. ಮಕ್ಕಳಿಗೆ ಮುತ್ತು. ಅತ್ತಿಗೆಗೆ ಈ ಕಾಗದ ಓದಲು ಕೊಡು, ಬಚ್ಚಿಡಬೇಡ.

ನಿನ್ನ ತಂಗಿ,
ಗಂಗಲಕ್ಷ್ಮಿ

ಅಂಚೆ ಡಬ್ಬಿಗೆ ಹಾಕುವ ಮುಂಚೆ ಒಂದು ಮಾತು: ನನ್ನ ಉತ್ತರ ಗುರುವಾರವೇ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಅದು ತಲುಪಲಿ ಅಂತಲೇ ನಿನಗೆ ಇಷ್ಟು ದಿನ ಬರೆಯಲಿಲ್ಲ. ಹದಿನಾಲ್ಕು ತಿಂಗಳ ಮಾಲತಿಯ ಸಹಿಗಳೆಲ್ಲ ನನ್ನ ಕೈಯವು, ಹಾಕು ಅಂದವನು ನನ್ನ ಅಣ್ಣ, ಯರ್ರಮ್ಮ ಮೂರು ಸಲ ಕರೆದರೂ ನಾನು ಹೋಗಲಿಲ್ಲ ಅಂತ ಬರೆದಿದ್ದೇನೆ. ನನ್ನ ಕೆಲಸ ಹೋಗುತ್ತದೆ, ಗೊತ್ತು, ನಿನ್ನದೂ ಹೋಗಬಹುದು. ನಿನ್ನೆ ಯರ್ರಮ್ಮನ ಮನೆಗೆ ಹೋಗಿ ಅದನ್ನು ಪೂರ್ತಿ ಓದಿ ಹೇಳಿ, ನಕಲು ಆಯಮ್ಮನ ಕೈಯಲ್ಲೇ ಕೊಟ್ಟು ಬಂದೆ. ನಿಮ್ಮ ವಿಭಾಗದಲ್ಲಿ ಅಸಲು ಕಳೆದುಹೋದರೆ ಅಲ್ಲಿ ಹೋಗಿ ಕೇಳು.